ತಲೆ ಮೇಲೆ ಒಲೆ ಹೊತ್ತ ಕಡಲು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಒಂದಲ್ಲ ಒಂದು ಸಲ ಈ ಪ್ರಶ್ನೆಯನ್ನು ಎದುರಿಸಿರುತ್ತಾರೆ: ದ್ರವಗಳಲ್ಲಿ ಶಾಖ ಮುಖ್ಯವಾಗಿ ಯಾವ ವಿಧಾನದಿಂದ ಸಾಗುತ್ತದೆ? ಆಯ್ಕೆಗಳು ನಾಲ್ಕು. ವಹನ, ಸಂವಹನ, ವಿಕಿರಣ, ಮೇಲಿನ ಯಾವುದೂ ಅಲ್ಲ. ನಾವು ಎರಡನೇ ಯೋಚನೆ ಮಾಡದೆ ‘ಸಂವಹನ’ಕ್ಕೆ ಗುರುತು ಹಾಕುತ್ತೇವೆ. ಒಂದು ಅಂಕ ಸಿಗುತ್ತದೆ. ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ಉತ್ತರ ತಪ್ಪೇನಲ್ಲ. ಅಂಕವೂ ಸಿಗಲಿ. ಆದರೆ ಭೂಮಿಯ ಮೇಲಿನ ಅತಿ ದೊಡ್ಡ ನೀರಿನ ರಾಶಿಯಾದ ಸಮುದ್ರಕ್ಕೆ ಈ ಉತ್ತರವನ್ನು ಹಾಗೆಯೇ ಹೊಂದಿಸಲು ಹೋದರೆ ಎಡವುತ್ತೇವೆ. ಹಾಗೆ ಎಡವಿದವರಿಗೆ ‘ಸಮುದ್ರ ಅಷ್ಟು ದೊಡ್ಡದು, ಭೂಮಿ ಎಷ್ಟು ಬಿಸಿಯಾದರೂ ಅದು ನುಂಗಿಕೊಳ್ಳುತ್ತದೆ ಬಿಡಿ’ ಎಂಬ ಮಾತು ನಿಜವೆಂದೇ ತೋರುತ್ತದೆ. ಈ ಮಾತನ್ನು ಕಾಲೇಜು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ಕೂಡ ಕೇಳಿದ್ದೇನೆ. ಸಮುದ್ರಕ್ಕೆ ಇಳಿದ ಬಿಸಿ ನಿಜವಾಗಿ ಎಲ್ಲಿಗೆ ಹೋಗುತ್ತದೆ, ಅದನ್ನು ಪದವಿ ಓದುತ್ತಿರುವ, ಕೆಲಸ ಹುಡುಕುತ್ತಿರುವ ನಾವು ಯಾಕೆ ತಿಳಿದುಕೊಳ್ಳಬೇಕು ಎಂದು ಹೇಳಲು ಈ ಬರಹ.

ಹಂಡೆ ಮತ್ತು ಕೆರೆ

ಬಚ್ಚಲುಮನೆಯ ಹಂಡೆಯಿಂದ ಶುರು ಮಾಡೋಣ. ಒಲೆ ಕೆಳಗಿರುತ್ತದೆ. ತಳದ ನೀರು ಮೊದಲು ಕಾಯುತ್ತದೆ. ಕಾದ ನೀರು ಹಿಗ್ಗಿ ಹಗುರಾಗಿ ಮೇಲೇರುತ್ತದೆ. ಮೇಲಿನ ತಣ್ಣೀರು ಭಾರವಾದ್ದರಿಂದ ಕೆಳಗಿಳಿದು ಅದರ ಜಾಗಕ್ಕೆ ಬರುತ್ತದೆ. ಯಾರೂ ಕೋಲು ಹಾಕಿ ತಿರುಗಿಸಬೇಕಿಲ್ಲ, ಸ್ವಲ್ಪ ಹೊತ್ತಿಗೆ ಇಡೀ ಹಂಡೆ ಕಾಯುತ್ತದೆ. ಇದೇ ಸಂವಹನ. ನಮ್ಮ ಪಠ್ಯಪುಸ್ತಕದ ಚಿತ್ರದಲ್ಲೂ ಬೀಕರಿನ ಕೆಳಗೇ ದೀಪ ಇಟ್ಟಿರುತ್ತಾರೆ.

ಈಗ ಬೇಸಿಗೆ ರಜೆಯಲ್ಲಿ ಊರ ಕೆರೆಗೋ ಬಾವಿಗೋ ಈಜಲು ಇಳಿದದ್ದನ್ನು ನೆನಪಿಸಿಕೊಳ್ಳಿ. ಮೇಲಿನ ಎರಡು ಮೂರು ಅಡಿ ನೀರು ಬೆಚ್ಚಗಿರುತ್ತದೆ. ಕಾಲನ್ನು ಕೆಳಕ್ಕೆ ಚಾಚಿದರೆ ಜುಮ್ಮೆನ್ನುವಷ್ಟು ತಂಪು. ಬೆಳಗಿನಿಂದ ಬಿಸಿಲು ಬಿದ್ದಿದ್ದರೂ ಆ ಬಿಸಿ ಕೆಳಗೆ ಇಳಿದಿಲ್ಲ. ಯಾಕೆಂದರೆ ಇಲ್ಲಿ ಒಲೆ ಇರುವುದು ಮೇಲೆ. ಮೇಲಿನ ನೀರು ಕಾಯುತ್ತದೆ, ಹಗುರಾಗುತ್ತದೆ, ಹಗುರಾದ್ದರಿಂದ ಮೇಲೇ ಉಳಿಯುತ್ತದೆ. ಹಂಡೆಯಲ್ಲಿ ನೀರನ್ನು ಕಲಸಿದ ಅದೇ ಗುಣ ಕೆರೆಯಲ್ಲಿ ಕಲಸದಂತೆ ತಡೆಯುತ್ತದೆ.

ಸಮುದ್ರವೂ ಹೀಗೆ ತಲೆಯ ಮೇಲೆ ಒಲೆ ಹೊತ್ತದ್ದು.

ತಾರಸಿ ಮೇಲಿನ ಸೋಲಾರ್ ವಾಟರ್ ಹೀಟರ್ ಗಮನಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಪಂಪ್ ಇಲ್ಲದ ಸಾಮಾನ್ಯ ಮಾದರಿಯಲ್ಲಿ ಬಿಸಿಲು ಹಿಡಿಯುವ ಕೊಳವೆಗಳು ಕೆಳಗಿರುತ್ತವೆ, ನೀರಿನ ಟ್ಯಾಂಕ್ ಮೇಲಿರುತ್ತದೆ. ಕೊಳವೆಯಲ್ಲಿ ಕಾದ ನೀರು ತಾನಾಗಿಯೇ ಟ್ಯಾಂಕಿಗೆ ಏರುತ್ತದೆ. ಟ್ಯಾಂಕನ್ನು ಕೆಳಗಿಟ್ಟು ಕೊಳವೆಗಳನ್ನು ಮೇಲಿಟ್ಟರೆ ಪಂಪ್ ಇಲ್ಲದೆ ಅದು ಕೆಲಸ ಮಾಡುವುದಿಲ್ಲ. ಸಮುದ್ರ ಹೀಗೆ ತಲೆಕೆಳಗಾಗಿ ಜೋಡಿಸಿದ ಸೋಲಾರ್ ಹೀಟರ್. ಬಿಸಿಲು ಹಿಡಿಯುವ ಪದರ ಮೇಲೆ, ಕಿಲೋಮೀಟರುಗಟ್ಟಲೆ ಆಳದ ಟ್ಯಾಂಕ್ ಕೆಳಗೆ. ಹಾಗಾದರೆ ಇದಕ್ಕೆ ಪಂಪ್ ಯಾವುದು? ಅದಕ್ಕೆ ಮುಂದೆ ಬರುತ್ತೇನೆ. ಮೊದಲು ಬಿಸಿಲು ನೀರೊಳಗೆ ಎಷ್ಟು ದೂರ ಹೋಗುತ್ತದೆ ನೋಡೋಣ.

ಬೆಳಕು ಎಲ್ಲಿಯವರೆಗೆ?

ಸೂರ್ಯ ನೆತ್ತಿಯ ಮೇಲಿದ್ದಾಗ ಸಮುದ್ರ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತನೇ ಒಂದು ಪಾಲನ್ನೂ ಹಿಂದಕ್ಕೆ ಕಳಿಸುವುದಿಲ್ಲ. ಉಳಿದದ್ದೆಲ್ಲ ನೀರೊಳಗೆ ಹೋಗುತ್ತದೆ. ಆದರೆ ಹೋದದ್ದೆಲ್ಲ ಒಂದೇ ಆಳಕ್ಕೆ ಹೋಗುವುದಿಲ್ಲ. ಬಿಸಿಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ನೀರು ಇವುಗಳನ್ನು ಮೇಲ್ಪದರದಲ್ಲೇ ಹೀರಿಕೊಂಡುಬಿಡುತ್ತದೆ. ಎಷ್ಟೇ ತಿಳಿಯಾದ ನೀರಿದ್ದರೂ ಮೊದಲ ಒಂದು ಮೀಟರ್ ದಾಟುವಷ್ಟರಲ್ಲಿ ಬಿಸಿಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಗಿರುತ್ತದೆ.

ಉಳಿದದ್ದು ಕಣ್ಣಿಗೆ ಕಾಣುವ ಬೆಳಕು. ಅದರಲ್ಲೂ ಕೆಂಪು ಮೊದಲ ಹತ್ತಿಪ್ಪತ್ತು ಮೀಟರಿನಲ್ಲಿ ಮುಗಿಯುತ್ತದೆ. ನೀಲಿ ಎಲ್ಲಕ್ಕಿಂತ ಆಳಕ್ಕೆ ಹೋಗುತ್ತದೆ, ಆಳದ ಕಡಲು ನೀಲಿಯಾಗಿ ಕಾಣುವುದೂ ಮುಖ್ಯವಾಗಿ ಇದರಿಂದಲೇ. ಸುಮಾರು 200 ಮೀಟರಿನ ಕೆಳಗೆ ಸಸ್ಯಗಳು ಬದುಕುವಷ್ಟು ಬೆಳಕಿಲ್ಲ. 1000 ಮೀಟರಿನ ಕೆಳಗೆ ಬಿಸಿಲು ಎಂಬುದೇ ಇಲ್ಲ. ಇದು ತಿಳಿನೀರಿನ ಲೆಕ್ಕ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ನದಿಗಳು ಕೆಂಪು ಮಣ್ಣು ಹೊತ್ತು ಬಂದು ಸೇರುವ ಅಳಿವೆಗಳ ಹತ್ತಿರ ಬೆಳಕು ಕೆಲವೇ ಮೀಟರುಗಳಲ್ಲಿ ನಿಂತುಹೋಗುತ್ತದೆ.

ಸಮುದ್ರದ ಸರಾಸರಿ ಆಳ ಮೂರೂವರೆ ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳದ ನೀರಿನಲ್ಲಿ ಬಿಸಿಲು ನೇರವಾಗಿ ಕಾಯಿಸುವುದು ಮೇಲಿನ ಒಂದು ಕೆನೆಪದರವನ್ನು ಮಾತ್ರ.

ಹಾಗಿದ್ದರೆ ವಹನ ಇದೆಯಲ್ಲ, ಬಿಸಿ ಒಂದು ಪದರದಿಂದ ಇನ್ನೊಂದಕ್ಕೆ ನಿಧಾನವಾಗಿ ಇಳಿಯಬಹುದಲ್ಲ ಎಂದು ಕೇಳಬಹುದು. ಇಳಿಯುತ್ತದೆ. ಎಷ್ಟು ನಿಧಾನವಾಗಿ ಎಂಬುದನ್ನು ಪಿಯುಸಿ ಭೌತವಿಜ್ಞಾನ ಓದಿದವರು ತಾವೇ ಅಂದಾಜು ಮಾಡಬಹುದು. ನಿಶ್ಚಲ ನೀರಿನಲ್ಲಿ ಬರೀ ವಹನದಿಂದ ಬಿಸಿ ಒಂದು ಮೀಟರ್ ಸಾಗಲು ಸುಮಾರು ಎರಡೂವರೆ ತಿಂಗಳು ಬೇಕು. ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ನೂರು ಮೀಟರ್ ಇಳಿಯಲು ಎರಡು ಸಾವಿರ ವರ್ಷ. ಕದಂಬರಿಗೂ ಮೊದಲು ಹೊರಟ ಬಿಸಿ ಇವತ್ತಿಗೆ ನೂರು ಮೀಟರ್ ಮುಟ್ಟಿರುತ್ತಿತ್ತು.

ಈ ಆಶ್ಚರ್ಯವನ್ನು ಮನುಷ್ಯರು ಮೊದಲು ಕಂಡದ್ದು 1751ರಲ್ಲಿ. ಹೆನ್ರಿ ಎಲ್ಲಿಸ್ ಎಂಬ ಇಂಗ್ಲಿಷ್ ಕಪ್ತಾನ ಗುಲಾಮರ ವ್ಯಾಪಾರದ ಹಡಗೊಂದನ್ನು ಅಟ್ಲಾಂಟಿಕ್ ಸಾಗರದ ಬಿಸಿ ಪ್ರದೇಶದಲ್ಲಿ ನಡೆಸುತ್ತಿದ್ದಾಗ, ಮುಚ್ಚಳವಿದ್ದ ಬಕೆಟ್ಟಿನಂಥ ಸಾಧನವನ್ನು ಹಗ್ಗಕ್ಕೆ ಕಟ್ಟಿ ಒಂದು ಮೈಲಿಯಷ್ಟು ಆಳಕ್ಕೆ ಇಳಿಸಿದ. ಮೇಲೆ ಸುಡುವ ಬಿಸಿಲು, ಬಕೆಟ್ಟಿನಲ್ಲಿ ಬಂದದ್ದು ಕೊರೆಯುವ ನೀರು. ಆ ನೀರನ್ನು ಅವರು ದ್ರಾಕ್ಷಾರಸ ತಂಪು ಮಾಡಲು ಬಳಸಿದರಂತೆ. ಅದೇ ಹಡಗಿನ ಒಡಲಲ್ಲಿ ಎಂಥ ಕ್ರೌರ್ಯ ನಡೆಯುತ್ತಿತ್ತು ಎಂಬುದನ್ನು ಮರೆಯದೆ ಈ ಅಳತೆಯನ್ನು ಓದಬೇಕು. ಮುಂದೆ ಆ ಶತಮಾನದ ಕೊನೆಯಲ್ಲಿ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಇದಕ್ಕೊಂದು ಕಾರಣ ಕೊಟ್ಟ: ಆಳದ ತಣ್ಣೀರು ಅಲ್ಲಿಯದಲ್ಲ, ಧ್ರುವಗಳ ಕಡೆ ತಣ್ಣಗಾಗಿ ಮುಳುಗಿ ಹರಿದು ಬಂದದ್ದು. ಅವನ ಊಹೆ ಸರಿಯಾಗಿತ್ತು. ನಮ್ಮ ಹಿಂದೂ ಮಹಾಸಾಗರದ ಉತ್ತರಕ್ಕೆ ಏಷ್ಯಾ ಖಂಡ ಗೋಡೆಯಂತೆ ನಿಂತಿದೆ. ಹಾಗಾಗಿ ಇದರ ತಳದ ತಣ್ಣೀರು ಬರುವುದು ದಕ್ಷಿಣದ ಅಂಟಾರ್ಕ್ಟಿಕಾ ಕಡೆಯಿಂದ.

ಪಂಪ್ ಯಾವುದು?

ಬಿಸಿಲು ಕೆನೆಪದರ ದಾಟದು, ವಹನಕ್ಕೆ ಸಾವಿರಾರು ವರ್ಷ ಬೇಕು, ಸಂವಹನ ಮೇಲಿಂದ ಕೆಳಗೆ ಕೆಲಸ ಮಾಡದು. ಆದರೂ ಸಮುದ್ರದಲ್ಲಿ ಬಿಸಿ ಹತ್ತಾರು ಮೀಟರ್ ಕೆಳಗೆ ಇಳಿದಿರುತ್ತದೆ. ಇದನ್ನು ಇಳಿಸುವ ಪಂಪ್ ಮುಖ್ಯವಾಗಿ ಗಾಳಿ. ಗಾಳಿ ಅಲೆ ಎಬ್ಬಿಸಿ, ಸುಳಿ ಎಬ್ಬಿಸಿ, ಮೇಲಿನ ಬಿಸಿಯನ್ನು ಕೆಳಗಿನ ತಂಪಿನ ಜೊತೆ ಕಲಸುತ್ತದೆ. ಇದರ ಜೊತೆಗೆ ರಾತ್ರಿ ಮೇಲ್ಮೈ ತಣ್ಣಗಾದಾಗ ಆ ನೀರು ಭಾರವಾಗಿ ಕೆಳಗಿಳಿಯುತ್ತದೆ. ಅಂದರೆ ನಮ್ಮ ಪರೀಕ್ಷೆಯ ಸಂವಹನ ಸಮುದ್ರದಲ್ಲೂ ಇದೆ, ಆದರೆ ಅದು ಮೇಲ್ಮೈ ತಣಿಯುವಾಗ ಕೆಲಸ ಮಾಡುತ್ತದೆ. ಚಳಿಗಾಲದಲ್ಲಿ ಒಣ ತಂಗಾಳಿ ಬೀಸುವಾಗ ಅರಬ್ಬಿ ಸಮುದ್ರದ ಉತ್ತರ ಭಾಗದಲ್ಲಿ ಹೀಗೆ ನೂರು ಮೀಟರಿನ ಆಸುಪಾಸಿನವರೆಗೂ ನೀರು ಕಲಸಿಹೋಗುತ್ತದೆ.

ಗಾಳಿ ಎಷ್ಟು ದೊಡ್ಡ ಪಂಪ್ ಎಂದು ತಿಳಿಯಲು ನಮ್ಮ ಕರಾವಳಿಗಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ. ಮಂಗಳೂರು, ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಶೂನ್ಯ ನೆರಳಿನ ದಿನ ಎಂದು ಶಾಲೆಗಳಲ್ಲಿ ಕಂಬ ನೆಟ್ಟು ನೋಡುತ್ತಾರಲ್ಲ, ಅದೇ. ಸೂರ್ಯನ ಎತ್ತರ ಎರಡೂ ದಿನ ಒಂದೇ. ಆದರೆ ಸಮುದ್ರ ಒಂದೇ ಅಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಲಕ್ಷದ್ವೀಪದಿಂದ ಕೇರಳ, ಕರ್ನಾಟಕದ ಕರಾವಳಿಯವರೆಗೆ ಮೇಲ್ಮೈ ನೀರು 30 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗಸ್ಟಿನಲ್ಲಿ ಅದೇ ನೀರು ಎರಡು ಮೂರು ಡಿಗ್ರಿ ತಂಪಾಗಿರುತ್ತದೆ.

ಏಪ್ರಿಲ್-ಮೇನಲ್ಲಿ ಆಕಾಶ ತಿಳಿ, ಗಾಳಿ ಮಂದ. ಪಂಪ್ ನಿಂತಿದೆ. ಬಂದ ಬಿಸಿಯೆಲ್ಲ ತೆಳುವಾದ ಮೇಲ್ಪದರದಲ್ಲೇ ಶೇಖರವಾಗುತ್ತದೆ. ಜೂನಿನಲ್ಲಿ ಮುಂಗಾರು ಮಾರುತ ಬೀಸತೊಡಗಿದೊಡನೆ ಮೂರು ಕೆಲಸ ಒಟ್ಟಿಗೇ ನಡೆಯುತ್ತವೆ. ಮೋಡ ಬಿಸಿಲನ್ನು ತಡೆಯುತ್ತದೆ. ಗಾಳಿ ನೀರನ್ನು ಆಳದವರೆಗೆ ಕಲಸುತ್ತದೆ. ಅದೇ ಗಾಳಿ ನೀರನ್ನು ಆವಿ ಮಾಡಿ ಒಯ್ಯುತ್ತದೆ. ಈ ಮೂರನೆಯದು ಬಹಳ ದೊಡ್ಡ ಕೆಲಸ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖವನ್ನು ತೆಗೆದರೆ ಸುಮಾರು 600 ಲೀಟರ್ ಸಮುದ್ರದ ನೀರು ಒಂದು ಡಿಗ್ರಿ ತಣ್ಣಗಾಗುತ್ತದೆ. ಆ ಆವಿಯೇ ಪಶ್ಚಿಮ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಮಳೆಯಾಗುವುದು, ಶರಾವತಿ ಕಣಿವೆಯಲ್ಲಿ ವಿದ್ಯುತ್ತಾಗುವುದು.

ನಾಲ್ಕನೆಯ ಕೆಲಸವೂ ಒಂದಿದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಮೇಲ್ಮೈ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಏರಿ ಬರುತ್ತದೆ. ಆಫ್ರಿಕಾದ ಸೊಮಾಲಿಯಾ ತೀರದಲ್ಲಿ ಇದು ಎಷ್ಟು ಜೋರೆಂದರೆ ಕಡುಬೇಸಿಗೆಯಲ್ಲಿ ನೀರು 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮ್ಮ ತೀರದಲ್ಲಿ ಅಷ್ಟು ಜೋರಿಲ್ಲ, ಆದರೂ ಇದೆ. ಹೀಗೆ ಏರಿ ಬಂದ ನೀರು ತನ್ನ ಜೊತೆ ಆಳದ ಪೋಷಕಾಂಶಗಳನ್ನು ತರುತ್ತದೆ. ಅದರಿಂದ ಸಸ್ಯಪ್ಲವಕ ಬೆಳೆಯುತ್ತದೆ, ಅದನ್ನು ನೆಚ್ಚಿ ಬೂತಾಯಿ, ಬಂಗುಡೆ ಬೆಳೆಯುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಮಲ್ಪೆ, ಮಂಗಳೂರಿನ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಂತ ಆ ದಿನಗಳಲ್ಲಿ ಸಮುದ್ರ ಮುಂದಿನ ಹಂಗಾಮಿಗೆ ಉಳುಮೆಯಾಗುತ್ತಿರುತ್ತದೆ.

ಬಂಗಾಳ ಕೊಲ್ಲಿಯಲ್ಲಿ ಈ ಉಳುಮೆ ಕಷ್ಟ. ಗಂಗಾ, ಬ್ರಹ್ಮಪುತ್ರದಂಥ ನದಿಗಳು ಸುರಿಯುವ ಸಿಹಿನೀರು ಉಪ್ಪುನೀರಿಗಿಂತ ಹಗುರ. ಅದು ಮೇಲೆ ಮುಚ್ಚಳದಂತೆ ಹರಡಿಕೊಂಡು ಗಾಳಿ ಆಳಕ್ಕೆ ಕಲಸದಂತೆ ತಡೆಯುತ್ತದೆ. ಅಲ್ಲಿನ ಮೇಲ್ಮೈ ವರ್ಷದ ಹೆಚ್ಚು ಕಾಲ ಬಿಸಿಯಾಗಿಯೇ ಇರುತ್ತದೆ. ಚಂಡಮಾರುತಗಳು ಹಿಂದಿನಿಂದಲೂ ಅರಬ್ಬಿ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯಲ್ಲೇ ಹೆಚ್ಚಾಗಿದ್ದಕ್ಕೆ ಇದೂ ಒಂದು ಕಾರಣ.

ನುಂಗಿದ ಬಿಸಿ ಎಲ್ಲಿದೆ?

ಈಗ ಆ ಕ್ಯಾಂಟೀನ್ ಮಾತಿಗೆ ಬರೋಣ. ‘ಸಮುದ್ರ ನುಂಗಿಕೊಳ್ಳುತ್ತದೆ.’ ಇದರ ಮೊದಲರ್ಧ ನಿಜ. ಹಸಿರುಮನೆ ಅನಿಲಗಳಿಂದಾಗಿ ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿದ ಶಾಖದಲ್ಲಿ, 1971ರಿಂದ 2018ರವರೆಗಿನ ಲೆಕ್ಕ ತೆಗೆದರೆ, ಶೇ 91ರಷ್ಟು ಸೇರಿದ್ದು ಸಮುದ್ರಕ್ಕೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2021ರ ವರದಿಯಲ್ಲಿ ಹೇಳಿದ್ದು ಇದು. ನೀರು ಇಷ್ಟನ್ನು ಹಿಡಿದುಕೊಳ್ಳಲು ಸಾಧ್ಯ ಯಾಕೆಂದರೆ ಅದು ಕಾಯಲು ಬಹಳ ಶಾಖ ಕೇಳುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಆಕಾಶದ ತುದಿಯವರೆಗೆ ಇರುವ ಎಲ್ಲ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖದಲ್ಲಿ ಅಷ್ಟೇ ಅಗಲದ ಎರಡೂವರೆ ಮೀಟರ್ ಆಳದ ಸಮುದ್ರದ ನೀರು ಮಾತ್ರ ಒಂದು ಡಿಗ್ರಿ ಕಾಯುತ್ತದೆ.

ಎಡವುವುದು ಎರಡನೆಯ ಅರ್ಧದಲ್ಲಿ. ನುಂಗಿದ್ದು ಹೊಟ್ಟೆಯ ಆಳಕ್ಕೆ ಹೋಗಿ ಕರಗಿಹೋಯಿತು ಎಂದು ನಾವು ಭಾವಿಸುತ್ತೇವೆ. ಆ ಶಾಖದ ಬಹುಪಾಲು ಇನ್ನೂ ಮೇಲಿನ ಕೆಲವು ನೂರು ಮೀಟರುಗಳಲ್ಲಿದೆ. ಅದರಲ್ಲೂ ತೀರಾ ಮೇಲಿನ ಪದರ ಎಲ್ಲಕ್ಕಿಂತ ಬೇಗ ಕಾಯುತ್ತಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ ಒಂದು ಡಿಗ್ರಿ ಬಿಸಿಯಾಗಿದೆ. ಇದು ಜಗತ್ತಿನ ಸಮುದ್ರಗಳ ಸರಾಸರಿಗಿಂತ ಹೆಚ್ಚು.

ಒಂದು ಡಿಗ್ರಿ ಎಂದರೆ ನಗು ಬರಬಹುದು. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುತ್ತೇನೆ. ಒಂದು ಚದರ ಮೀಟರ್ ಅಗಲ, 50 ಮೀಟರ್ ಆಳದ ಸಮುದ್ರದ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 57 ಯೂನಿಟ್ ಶಕ್ತಿ ಬೇಕು. ತಿಂಗಳಿಗೆ 200 ಯೂನಿಟ್ ಬಳಸುವ ಕುಟುಂಬದ ಇಡೀ ತಿಂಗಳ ವಿದ್ಯುತ್ತು ನಾಲ್ಕು ಚದರ ಮೀಟರ್ ಸಮುದ್ರಕ್ಕೂ ಸಾಲುವುದಿಲ್ಲ. ಇನ್ನು ಲಕ್ಷಾಂತರ ಚದರ ಕಿಲೋಮೀಟರ್ ಹರಡಿದ ಅರಬ್ಬಿ ಸಮುದ್ರಕ್ಕೆ ಲೆಕ್ಕ ಹಾಕಿ ನೋಡಿ.

ಈ ಶಾಖ ಸುಮ್ಮನೆ ಕೂರುವುದಿಲ್ಲ. ಚಂಡಮಾರುತ ಹುಟ್ಟಲು ಸಾಮಾನ್ಯವಾಗಿ 26.5 ಡಿಗ್ರಿಗಿಂತ ಬಿಸಿಯಾದ ನೀರು ಬೇಕು, ಅದೂ ಮೇಲ್ಮೈಯಲ್ಲಿ ಮಾತ್ರವಲ್ಲ, ಹತ್ತಾರು ಮೀಟರ್ ಆಳದವರೆಗೆ. ಚಂಡಮಾರುತದ ಗಾಳಿ ಕೆಳಗಿನ ತಣ್ಣೀರನ್ನು ಮೇಲಕ್ಕೆ ಕಲಸುತ್ತದೆ. ಆ ತಂಪೇ ಅದಕ್ಕೆ ಬ್ರೇಕ್. ಬಿಸಿ ಪದರ ದಪ್ಪವಾದರೆ ಕಲಸಿದರೂ ಬಿಸಿನೀರೇ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅರಬ್ಬಿ ಸಮುದ್ರದಲ್ಲಿ 2019ರಲ್ಲಿ ‘ಕ್ಯಾರ್’ ಸೂಪರ್ ಸೈಕ್ಲೋನ್ ಆಯಿತು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಗುಜರಾತಿಗೆ ಹೋಗುವ ದಾರಿಯಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ತೀರಗಳನ್ನು ಅಲೆಗಳಿಂದ ಹೊಡೆದು ಹೋಯಿತು. 2023ರ ಜೂನಿನಲ್ಲಿ ‘ಬಿಪರ್‌ಜಾಯ್’ ಹದಿಮೂರು ದಿನಗಳಷ್ಟು ಕಾಲ ಸಮುದ್ರದ ಮೇಲೆ ಉಳಿಯಿತು. ಪ್ರತಿಯೊಂದು ಚಂಡಮಾರುತವನ್ನೂ ತಾಪಮಾನ ಏರಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅವಕ್ಕೆ ಸಿಗುವ ಇಂಧನ ಹೆಚ್ಚಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಇನ್ನೊಂದು ಪೆಟ್ಟು ಸದ್ದಿಲ್ಲದ್ದು. ಮೇಲ್ಪದರ ಬಿಸಿಯಾದಷ್ಟೂ ಹಗುರವಾಗುತ್ತದೆ, ಹಗುರವಾದಷ್ಟೂ ಕೆಳಗಿನ ನೀರಿನೊಂದಿಗೆ ಬೆರೆಯುವುದು ಕಷ್ಟವಾಗುತ್ತದೆ. ಅದೇ ಗಾಳಿ ಬೀಸಿದರೂ ಹಿಂದಿನಷ್ಟು ಕಲಸಲಾರದು. ಆಗ ಪೋಷಕಾಂಶ ಮೇಲೆ ಬರುವುದು ಕಡಿಮೆಯಾಗುತ್ತದೆ, ಮೇಲಿನ ಆಮ್ಲಜನಕ ಕೆಳಗಿಳಿಯುವುದೂ ಕಡಿಮೆಯಾಗುತ್ತದೆ. ಬೂತಾಯಿ ಒಂದು ವರ್ಷ ಬುಟ್ಟಿ ತುಂಬ, ಇನ್ನೊಂದು ವರ್ಷ ಹುಡುಕಿದರೂ ಇಲ್ಲ ಎಂಬ ಏರಿಳಿತಕ್ಕೆ ಅತಿಯಾದ ಹಿಡುವಳಿಯೂ ಸೇರಿ ಹಲವು ಕಾರಣಗಳಿವೆ. ನೀರಿನ ಉಷ್ಣತೆ ಅವುಗಳಲ್ಲಿ ಒಂದು. ಓಡಿಹೋಗಲಾರದ ಹವಳಗಳ ಪಾಡು ಇನ್ನೂ ಕಷ್ಟ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ ಹೊತ್ತ ಮಂಜಿಗಳು ಹೋಗುವ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ನೀರು ಅತಿಯಾಗಿ ಬಿಸಿಯಾಗಿ ಹವಳಗಳು ಬಿಳಿಚಿ ಸತ್ತವು. ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ.

ನಮಗೇನು?

ರಾಯಚೂರಿನಲ್ಲೋ ಚಿತ್ರದುರ್ಗದಲ್ಲೋ ಕುಳಿತು ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರು ‘ಇದರಿಂದ ನಮಗೇನು?’ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನಿಮ್ಮೂರಿನ ಮುಂಗಾರು ಮಳೆ ಸಮುದ್ರದಿಂದ ಎದ್ದ ಆವಿ ಎಂಬುದು ಒಂದು ಉತ್ತರ. ಅದು ಎಲ್ಲರಿಗೂ ಗೊತ್ತಿರುವುದೇ. ನಾನು ಇನ್ನೂ ಒಂದು ಉತ್ತರ ಹೇಳಬೇಕೆಂದಿದ್ದೇನೆ. ನಾವು ಓದುವ ಕ್ರಮದಲ್ಲಿ ‘ಯಾವುದು’ ಎಂಬ ಪ್ರಶ್ನೆಗೆ ಉತ್ತರವಿದೆ, ‘ಎಲ್ಲಿ, ಯಾವಾಗ, ಎಷ್ಟು’ ಎಂಬ ಪ್ರಶ್ನೆಗಳಿಗೆ ಜಾಗವಿಲ್ಲ. ಸಂವಹನ ಎಂಬ ಪದ ಗೊತ್ತಿದ್ದೂ ಅದು ಸಮುದ್ರದಲ್ಲಿ ಮೇಲಿನಿಂದ ಕೆಳಗೆ ಯಾಕೆ ನಡೆಯದು ಎಂದು ನಾವು ಕೇಳಿಕೊಂಡಿರುವುದಿಲ್ಲ. ಹಾಗಾಗಿಯೇ ‘ಸಮುದ್ರ ನುಂಗುತ್ತದೆ’ ಎಂದವರಿಗೆ ಎದುರು ಹೇಳಲು ಬಾಯಿ ಬರುವುದಿಲ್ಲ. ನಾಳೆ ತಾಲ್ಲೂಕು ಕಚೇರಿಯಲ್ಲಿ, ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ ಬರ, ನೆರೆ, ಬೆಳೆವಿಮೆಯ ಕಡತ ನೋಡಬೇಕಾದವರು ನಾವೇ.

‘ಪರೀಕ್ಷೆಯಲ್ಲಿ ಇಷ್ಟೆಲ್ಲ ಕೇಳುವುದಿಲ್ಲ’ ಎನ್ನುವುದೂ ನಿಜ. ಕೇಳುವವರೆಗೆ ಕಾಯಬೇಕಿಲ್ಲ. ಎತ್ತರದ ಗಾಜಿನ ಲೋಟದಲ್ಲಿ ಅರ್ಧ ತಣ್ಣೀರು ಹಾಕಿ, ಕುಂಕುಮ ಬೆರೆಸಿದ ಬಿಸಿನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಸುರಿಯಿರಿ. ಎರಡು ಪದರ ಎಷ್ಟು ಹೊತ್ತು ಬೇರೆಯಾಗಿಯೇ ನಿಲ್ಲುತ್ತವೆ ನೋಡಿ. ಆಮೇಲೆ ಮೇಲಿಂದ ಊದಿ ನೋಡಿ. ಅದು ಗಾಳಿಯ ಪಂಪ್. ಊಟದ ತಟ್ಟೆಗೆ ಬಿಳಿ ಬಣ್ಣ ಬಳಿದು, ಅಳತೆ ಗುರುತು ಮಾಡಿದ ದಾರ ಕಟ್ಟಿ ಊರ ಕೆರೆಗೆ ಇಳಿಸಿ, ಅದು ಕಾಣದಾಗುವ ಆಳ ಬರೆದುಕೊಳ್ಳಿ. ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಮಾಡಿದ್ದು ಇಂಥದ್ದೇ ಪರೀಕ್ಷೆ. ಅವನ ಹೆಸರಿನ ಆ ತಟ್ಟೆಯನ್ನು ವಿಜ್ಞಾನಿಗಳು ಇಂದಿಗೂ ಬಳಸುತ್ತಾರೆ.

ಕಾಲೇಜುಗಳಿಗೂ ಒಂದು ಮಾತು. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಸಮುದ್ರ ಕಾಣುವ ದೂರದಲ್ಲೇ ಹತ್ತಾರು ಪದವಿ ಕಾಲೇಜುಗಳಿವೆ. ಹಗ್ಗಕ್ಕೆ ಕಟ್ಟಿದ ಒಂದು ಥರ್ಮಾಮೀಟರ್, ಒಂದು ನಾಡದೋಣಿ, ತಿಂಗಳಿಗೊಂದು ದಿನ ಸಾಕು. ಐದು ವರ್ಷ ಬಿಡದೆ ಅಳೆದರೆ ಆ ಊರಿನ ಸಮುದ್ರದ ಒಂದು ದಾಖಲೆ ಸಿಗುತ್ತದೆ. ಪತ್ರಿಕೆಗಳಿಗೂ ವಿನಂತಿ: ಬೆಂಗಳೂರು, ಕಲಬುರಗಿಯ ಉಷ್ಣಾಂಶದ ಪಕ್ಕದಲ್ಲಿ ಮಂಗಳೂರು, ಕಾರವಾರದ ಸಮುದ್ರದ ಉಷ್ಣಾಂಶವನ್ನೂ ಅಚ್ಚು ಮಾಡಿ. ಕಣ್ಣಿಗೆ ದಿನಾ ಬೀಳದ್ದು ಮನಸ್ಸಿಗೂ ಬೀಳುವುದಿಲ್ಲ.

ಕೆಲಸ ಹುಡುಕುವವರಿಗೆ ಇಲ್ಲಿ ಸಾವಿರಾರು ಹುದ್ದೆಗಳಿವೆ ಎಂದು ಆಸೆ ಹುಟ್ಟಿಸಲಾರೆ. ಆದರೆ ದಾರಿ ಇದೆ, ಅದನ್ನು ತೋರಿಸುವವರು ಕಡಿಮೆ. ಗೋವಾದಲ್ಲಿ 1966ರಿಂದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಹೈದರಾಬಾದಿನಲ್ಲಿ 1999ರಲ್ಲಿ ಶುರುವಾದ ಇನ್‌ಕಾಯ್ಸ್ ಉಪಗ್ರಹದಿಂದ ಸಮುದ್ರದ ಉಷ್ಣತೆ ಮತ್ತು ಹಸಿರನ್ನು ನೋಡಿ ಮೀನು ಎಲ್ಲಿ ಸಿಗಬಹುದೆಂದು ಮೀನುಗಾರರಿಗೆ ತಿಳಿಸುತ್ತದೆ. ಉಪಗ್ರಹಕ್ಕೆ ಕಾಣುವುದು ಸಮುದ್ರದ ಚರ್ಮ ಮಾತ್ರ. ಆಳ ತಿಳಿಯಲು ‘ಆರ್ಗೋ’ ಎಂಬ ತೇಲುಯಂತ್ರಗಳಿವೆ. ಜಗತ್ತಿನ ಸಾಗರಗಳಲ್ಲಿ ಸುಮಾರು ನಾಲ್ಕು ಸಾವಿರ ಆರ್ಗೋಗಳು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳಕ್ಕೆ ಇಳಿದು, ಉಷ್ಣತೆ, ಉಪ್ಪಿನಂಶ ಅಳೆಯುತ್ತಾ ಮೇಲೆ ಬಂದು ಉಪಗ್ರಹಕ್ಕೆ ಕಳಿಸುತ್ತವೆ. ಭಾರತವೂ ಇದರಲ್ಲಿ ಪಾಲುದಾರ. ಆ ಅಂಕಿಅಂಶ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ತೆರೆದಿದೆ. ಸ್ವಲ್ಪ ಪ್ರೋಗ್ರಾಮಿಂಗ್ ಬಲ್ಲ ಬಿ.ಎಸ್ಸಿ., ಬಿ.ಸಿ.ಎ. ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಕುಳಿತೇ ಅರಬ್ಬಿ ಸಮುದ್ರದ ಒಂದು ವರ್ಷವನ್ನು ನಕ್ಷೆ ಮಾಡಬಹುದು. ಮಂಗಳೂರಿನಲ್ಲೇ ಮೀನುಗಾರಿಕೆ ಕಾಲೇಜು ಇದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಇದೆ. ಕೌನ್ಸೆಲಿಂಗ್ ದಿನ ಈ ಹೆಸರುಗಳು ನಮ್ಮ ಪಟ್ಟಿಯಲ್ಲಿ ಕೊನೆಗೂ ಇರುವುದಿಲ್ಲ.

ಮುಂದಿನ ಸಲ ಆ ಪ್ರಶ್ನೆ ಬಂದಾಗ ‘ಸಂವಹನ’ಕ್ಕೇ ಗುರುತು ಹಾಕಿ, ಅಂಕ ಬಿಡಬೇಡಿ. ಮನೆಗೆ ಬಂದ ಮೇಲೆ ತಮ್ಮನಿಗೋ ತಂಗಿಗೋ ಒಲೆ ಹಂಡೆಯ ಮೇಲಿದ್ದರೆ ಏನಾಗುತ್ತಿತ್ತು ಎಂದು ಕೇಳಿ. ಅವರು ಯೋಚಿಸತೊಡಗಿದರೆ ಕೆರೆಗೆ ಕರೆದುಕೊಂಡು ಹೋಗಿ, ಕಾಲು ಕೆಳಗೆ ಚಾಚಲು ಹೇಳಿ.